ಶಿವನೆ ಮರದ ಕಣ್ಣು

ಶಾಲೆಗೊಂದು ಕಣ್ಣು ಬೇಕಿತ್ತು.
ಶಿವಮೊಗ್ಗದಿಂದ ತರಿಸಿದ ಪ್ಲಾಸ್ಟಿಕ್ಕಿನದು
ಬಸ್ಸಿನಲ್ಲೇ ಒಡೆದು, ಪಾಪೆ ಸೀಟಿನಡಿ ಉರುಳಿ,
ಆನಂದಪುರ ದಾಟಿದ ಮೇಲೆ ಯಾರದೋ ಚಪ್ಪಲಿಗೆ ಸಿಕ್ಕಿತು.
ಹಾಗಾಗಿ ನಾನು, ಸಾಗರದ ಸರ್ಕಾರಿ ಹೈಸ್ಕೂಲಿನ ವಿಜ್ಞಾನದ ಟೀಚರು,
ಪಠ್ಯಪುಸ್ತಕ ಬಗಲಲ್ಲಿಟ್ಟು
ಹೂವಪ್ಪ ಗುಡಿಗಾರರ ಜಗಲಿ ಹತ್ತಿದೆ.

ನಲವತ್ತು ವರ್ಷ ದೇವರ ಕಣ್ಣು ತೆರೆಸಿದ ಕೈ.
ಕೊನೆಯ ಉಳಿಪೆಟ್ಟು, ಎದುರಿಗೊಂದು ಕನ್ನಡಿ,
ತಾವು ಮಾತ್ರ ಪಕ್ಕಕ್ಕೆ:
ಮೊದಲ ನೋಟಕ್ಕೆ ಯಾರೂ ಎದುರಾಗಬಾರದಂತೆ.
"ಅದಕ್ಕೆಲ್ಲ ಒಳಗಿಲ್ಲ ಮೇಡಂ.
ದೇವರ ಕಣ್ಣು ಮೇಲಿಂದಷ್ಟೇ. ಒಳಗೆ ಬರೀ ಮರ."

ಚಿತ್ರ ನೋಡಿದರು. ಕನ್ನಡಕ ಹಣೆಗೇರಿಸಿ ಮತ್ತೆ ನೋಡಿದರು.
ಬೀಡಿ ಆರಿತು.
"ಇದೇನಿದು, ಬೆಳಕು ಬೀಳುವ ಪರದೆ ಹಿಂದೆ,
ಪರದೆಯ ತಂತಿಯೆಲ್ಲ ಮುಂದೆ?
ಬಾಗಿಲಿಗೆ ಅಡ್ಡ ಸೌದೆ ಒಟ್ಟಿದ ಹಾಗೆ!
ಆಮೇಲೆ ತಂತಿ ಹೊರಗೆ ಹೋಗಲಿಕ್ಕೆ ಪರದೆಗೇ ತೂತು!
ನಾನು ಹೀಗೆ ಮಾಡಿದ್ದರೆ ನಮ್ಮಪ್ಪ
ಉಳಿಯ ಹಿಡಿಯಲ್ಲೇ ಕುಟ್ಟುತ್ತಿದ್ದ."

ಸಮುದ್ರದಲ್ಲೊಂದು ಜೀವವಿದೆ, ಅಂದೆ,
ಎಲುಬಿಲ್ಲ, ತೋಳು ಎಂಟು.
ಅದರ ಕಣ್ಣಲ್ಲಿ ತಂತಿ ಹಿಂದೆಯೇ ಇದೆ, ಸರಿಯಾಗಿ.
"ಓ! ಹಾಗಾದರೆ ಕೆಲಸ ಬರುತ್ತಿತ್ತು ಅವನಿಗೆ.
ನಮ್ಮದು ಬಂದಾಗ ಉದಾಸೀನ ಮಾಡಿದ."

ಯಾರೂ ಮಾಡಿದ್ದಲ್ಲ, ಅಂದೆ.
ಮೊದಲು ಬೆಳಕು ತಾಗಿದರೆ ಚುರುಗುಟ್ಟುವ ಒಂದು ಚುಕ್ಕೆ.
ಆಮೇಲೊಂದು ಗುಳಿ. ಗುಳಿಗೊಂದು ಲೋಳೆಯ ಮುಚ್ಚಳ.
ಕೋಟಿ ಕೋಟಿ ವರ್ಷ, ಕೋಟಿ ಕೋಟಿ ಸಾವು.
"ಸರಿ, ಈ ಶಿವನೆ ಕೊರಡು ಇಲ್ಲೇ ಬಿದ್ದಿರಲಿ.
ಆಗಾಗ ಬಂದು ಹೋಗಿ, ಕಣ್ಣು ಬಿಟ್ಟೀತು."
ಮರಿ ಹಾಕುವ ಕೊರಡು ಕೊಡಿ, ಕಾಯುತ್ತೇನೆ.
ನಾನೂ ಬಿಡಲಿಲ್ಲ.

ಕಾಗದದ ಎಡಕ್ಕೊಂದು ಗುಣಿಸು,
ನಾಲ್ಕು ಬೆರಳಾಚೆ ಬಲಕ್ಕೊಂದು ಚುಕ್ಕೆ.
ಎಡಗಣ್ಣು ಮುಚ್ಚಿ. ಗುಣಿಸನ್ನೇ ನೋಡುತ್ತ
ಮೆಲ್ಲಗೆ ಹತ್ತಿರ ತನ್ನಿ.
"ಎಲಾ! ಚುಕ್ಕೆ ಹೋಯ್ತು."
ಅಲ್ಲೇನು ಕಾಣುತ್ತೆ?
"ಬಿಳಿ ಕಾಗದ."
ಅದೂ ಕಾಣುವುದಿಲ್ಲ. ಅದು ಮಿದುಳು ಹಾಕಿದ ತೇಪೆ.

ಒಂಬತ್ತು ಸಲ ನೋಡಿದರು.
ಕಷಾಯ ತಂದ ಹೆಂಡತಿಯನ್ನೂ ಕೂರಿಸಿ ತೋರಿಸಿದರು.
"ಇಷ್ಟು ವರ್ಷ ಕಣ್ಣು ಒಂದು ಮಾತು ಹೇಳಲಿಲ್ಲವಲ್ಲ,
ಇಲ್ಲಿ ನನಗೆ ಕಾಣುವುದಿಲ್ಲ ಅಂತ."
"ಮದುವೆಯಾದಾಗಿಂದ ನಾನು ಆ ಜಾಗದಲ್ಲೇ ಇದ್ದೇನೆ,"
ಅಂದು ಲೋಟ ಎತ್ತಿಕೊಂಡು ಹೋದರು ಆಕೆ.

ತಿಂಗಳು ಬಿಟ್ಟು ಹೋದೆ.
ಸುಲಿದ ತೆಂಗಿನಕಾಯಿಯ ಗಾತ್ರ, ಎರಡು ಹೋಳು, ಮರದ್ದೇ ಕೀಲು.
ಗರಗತ್ತಿ ಎಲೆಯಲ್ಲಿ ತಿಕ್ಕುತ್ತಿದ್ದರು.
ಬೆಕ್ಕಿನ ನಾಲಿಗೆಯಷ್ಟು ಒರಟು ಎಲೆ,
ಉಳಿ ನಡೆದ ದಾರಿಯನ್ನೆಲ್ಲ ನೆಕ್ಕಿ ಅಳಿಸುವಂಥದ್ದು.
"ಈ ಒರಟನ್ನು ಎಲೆಗೆ ಯಾರು ಕೊಟ್ಟರು? ಹೇಳಿ ನೋಡುವ."
ಹುಳ ತಿನ್ನಬಾರದಲ್ಲ, ಅದಕ್ಕೇ ಉಳಿದುಕೊಂಡಿತು, ಅಂದೆ.
ಎಲೆಯನ್ನು ಬೆಳಕಿಗೆ ಹಿಡಿದರು.
ಹುಳ ತಿಂದ ಮೂರು ತೂತು.
ಇಬ್ಬರೂ ನೋಡಿದೆವು.
ಇಬ್ಬರೂ ಸುಮ್ಮನಾದೆವು.

ಎಂಟನೇ ಬಿ ಸೆಕ್ಷನ್ನು. ಬೆಂಚಿನಿಂದ ಬೆಂಚಿಗೆ ಕಣ್ಣು ಹೋಯಿತು.
ಬಿಡಿಸಿದರು, ಮುಚ್ಚಿದರು, ಮೂಸಿದರು,
ಒಬ್ಬ ಪಾಪೆಯಲ್ಲಿ ಊದಿ ಸೀಟಿ ಬರುತ್ತದಾ ನೋಡಿದ.
ಹಾಜಿರಾ ಒಳಗೆ ಬೆರಳಾಡಿಸುತ್ತಿದ್ದವಳು ನಿಂತಳು.
"ಮೇಡಂ, ಎಲ್ಲ ಕಡೆ ನುಣ್ಣಗಿದೆ,
ಇಲ್ಲಿ ಮಾತ್ರ ಉಳಿಯ ಗೀರು ಹಾಗೇ ಇದೆ.
ತಿಕ್ಕಲು ಮರೆತಿದ್ದಾರೆ."

ಎಲ್ಲಿ?

"ನರ ಹೊರಗೆ ಹೋಗುತ್ತಲ್ಲ, ಅಲ್ಲಿ.
ಏನೂ ಕಾಣಲ್ಲ ಅಂದಿರಲ್ಲ, ಆ ಜಾಗದಲ್ಲಿ."

ಮರೆಯುವ ಮನುಷ್ಯರಲ್ಲ ಅವರು.
ಬೆರಳಿಟ್ಟೆ. ಮೂರು ಗೀರು, ಸಣ್ಣವು.
ಬೆಲ್ಲಾಯಿತು.
ಕನ್ನಡದ ಮೇಷ್ಟ್ರು ಆಗಲೇ ಬಾಗಿಲಲ್ಲಿ ನಿಂತಿದ್ದರು.